ಒಂದು ಒತ್ತಿನಷ್ಟು ದೂರ

ಎರಡೂವರೆ ಗಂಟೆ ಉಯ್ಯಾಲೆಯಾಡಿಸಿ
ಹಡಗು ಓಕಿಯಲ್ಲಿ ಇಳಿಸಿದಾಗ
ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ.
ನಕ್ಷೆಯಲ್ಲೂ ಅಷ್ಟೇ: ಜಪಾನಿನ ಬೆನ್ನ ಹಿಂದೆ
ಯಾರೋ ಪೆನ್ನು ಕೊಡವಿದಾಗ ಸಿಡಿದ ನಾಲ್ಕು ಹನಿ.

"ಕ್ಯೋಟೊ ನೋಡಿಯಾಯಿತೇ?" ಕೇಳಿದಳು
ತಂಗುಮನೆಯ ಮಿಸುಜು,
ನನ್ನ ಚಪ್ಪಲಿಯ ಮೂತಿಯನ್ನು ಬಾಗಿಲ ಕಡೆ ತಿರುಗಿಸಿಡುತ್ತ.
ಇಲ್ಲವೆಂದೆ.
ಮದುವೆಮನೆಗೆ ಬಂದು ನೇರ ಹಿತ್ತಲಿಗೆ ನಡೆದವಳನ್ನು
ನೋಡುವ ಹಾಗೆ ನೋಡಿದಳು.
ಆಮೇಲೆ ಹಿತ್ತಲಲ್ಲೇ ಮಣೆ ಹಾಕಿದಳು:
ಬಿಸಿ ಅನ್ನ, ಕಡಲಪಾಚಿಯ ಪಲ್ಯ.
ಶಂಖದ ಹುಳುವಿನ ಸಾರು ನನಗೆ ಸೇರದೆಂದು ತಿಳಿದು
ಬಟ್ಟಲನ್ನು ಸದ್ದಿಲ್ಲದೆ ತನ್ನತ್ತ ಎಳೆದುಕೊಂಡಳು.

ಹಿಂದೆ ಇಲ್ಲಿಗೆ ತಾವಾಗಿ ಬಂದವರು ಕಡಿಮೆಯಂತೆ.
ಎಂಟುನೂರು ವರ್ಷದ ಕೆಳಗೆ ಯುದ್ಧ ಸೋತ ದೊರೆಯೊಬ್ಬನನ್ನು
ದೋಣಿ ಹತ್ತಿಸಿ ಕಳಿಸಿದರು;
ಅವನ ಬೇಸರ ಕಳೆಯಲೆಂದು ಊರವರು
ಹೋರಿಗೆ ಹೋರಿ ಎದುರು ಬಿಟ್ಟರು.
ಈಗಲೂ ಬಿಡುತ್ತಾರೆ. ನಾನೂ ನೋಡಿದೆ:
ಹಣೆಗೆ ಹಣೆ, ಮರಳಲ್ಲಿ ಹೂತ ಗೊರಸು, ಕುಲುಮೆಯ ಉಸಿರು,
ಇನ್ನೇನು ಒಂದು ಮಣಿಯಬೇಕು, ಅಷ್ಟರಲ್ಲಿ
ಹಗ್ಗ ಹಿಡಿದವರು ಬಿಡಿಸಿಬಿಟ್ಟರು.
ಗೆದ್ದದ್ದು ಯಾವುದು?
"ಪರಸ್ಥಳದವರ ಮುಂದೆ ಆಡಿಸುವಾಗ ಗೆಲುವಿಲ್ಲ" ಎಂದ ಹಗ್ಗದ ಹುಡುಗ.
ಸೋತು ಬಂದವನ ಕಣ್ಣೆದುರು
ಇನ್ನೊಂದು ಸೋಲು ಬೇಡವೆಂದು
ಮೊದಲು ಯಾರಿಗೆ ಹೊಳೆದಿರಬೇಕು?
ಅವನಿಗೆ ಗೊತ್ತಿಲ್ಲ.
ಹೋರಿಯ ಮೂಗಿನ ಮರಳೊರೆಸುತ್ತಿದ್ದ.

ಅಂಗಡಿಯಲ್ಲಿ ಒಂದು ಚೂರು ಕಪ್ಪು ಗಾಜುಗಲ್ಲು ಕೊಂಡೆ.
ಇದಕ್ಕಾಗಿಯೇ ಕಲ್ಲಿನ ಕಾಲದವರು ಕಡಲು ದಾಟಿದರಂತೆ.
ಹೆಬ್ಬೆರಳಿಗೆ ತಾಗಿಸಿದೆ, ರಕ್ತ ಬಂತು.
ಇನ್ನೂ ಮೊಂಡಾಗಿಲ್ಲ.

ಸಂಜೆ ಕಿಸಾಬುರೊ ನಗಾಮಿಯ ದೋಣಿ,
ಈ ವರ್ಷದ ಮೊದಲ ಫೇರಿ, ಏಳು ಜನ.
ಕಡಲ ನಡುವೆ ಮೇಣದಬತ್ತಿಯಂತೆ ನೆಟ್ಟಗೆ ಒಂಟಿ ಬಂಡೆ.
ಸೂರ್ಯ ಇಳಿಯುವಾಗ ದೋಣಿಯನ್ನು ಅಂಗುಲ ಅಂಗುಲ ಸರಿಸಿ
ಅವನನ್ನು ಬಂಡೆಯ ತುದಿಗೆ ಕೂರಿಸುವುದು
ಮುದುಕನ ಐವತ್ತು ವರ್ಷದ ಕಸುಬು.
ಎಲ್ಲರ ಫೋನೂ ಮೇಲೆದ್ದಿತು.
ಮೋಡ ಬಂತು.
ಬಂಡೆ ಬಂಡೆಯಾಗಿಯೇ ಉಳಿಯಿತು.
ಒಸಾಕಾದ ದಂಪತಿ ಜಾಕೆಟ್ಟಿನ ಗುಂಡಿ ಹಾಕಿಕೊಂಡರು.
ನಗಾಮಿ ಮಾತ್ರ ಕಾಣದ ಸೂರ್ಯನಿಗೆ
ಎಡಕ್ಕೊಂದು ಮಾರು, ಬಲಕ್ಕೆ ಅರ್ಧ ಮಾರು
ಜರುಗಿ, ತುದಿಗೆ ಸರಿಯಾಗಿ ಹೊಂದಿಸಿ,
ಟೋಪಿ ತೆಗೆದ.
"ಈಗ ಉರಿಯುತ್ತಿದೆ" ಎಂದ. "ಅದರ ಹಿಂದೆ."

ಫೋನಿನ ಅನುವಾದಕ್ಕೆ ಬಾಯಿಟ್ಟು ಹೇಳಹೊರಟೆ:
ನಮ್ಮ ಅಕ್ಷರದಲ್ಲಿ ದೀಪಕ್ಕೆ
ಒಂದೇ ಒಂದು ವ-ಒತ್ತು ಕೊಟ್ಟರೆ ದ್ವೀಪ;
ಮತ್ತೆ, ದೀಪ ಆರಿತು ಅನ್ನಬಾರದು ನಮ್ಮಲ್ಲಿ,
ಶಾಂತವಾಯಿತು ಅನ್ನಬೇಕು.
ಫೋನು ಯೋಚಿಸಿ ಏನೋ ಒದರಿತು.
ದೋಣಿಯಲ್ಲಿದ್ದವರೆಲ್ಲ ನಕ್ಕರು.
ಏನೆಂದಿತೋ ಇವತ್ತಿಗೂ ತಿಳಿಯದು.
ಮುದುಕ ಅಂಗೈ ಮುಂದೊಡ್ಡಿದ: ಬರೆ.
ಉಪ್ಪುನೀರಿನ ಒರಟು ಅಂಗೈಯಲ್ಲಿ ಬೆರಳಿನಿಂದ
ದೀ ಬರೆದೆ, ಪ ಬರೆದೆ,
ಆಮೇಲೆ ಕೆಳಗೆ, ಪುಟ್ಟದಾಗಿ, ಒತ್ತು.
ಮುಷ್ಟಿ ಮುಚ್ಚಿಕೊಂಡೇ ಚುಕ್ಕಾಣಿ ಹಿಡಿದ.

ಮರುದಿನ ಹಡಗುಕಟ್ಟೆಯ ತುಂಬ ಶಾಲೆಮಕ್ಕಳು.
ವರ್ಗವಾಗಿ ಹೊರಟ ಸಂಗೀತದ ಮೇಷ್ಟ್ರು
ಅಟ್ಟದ ಮೇಲೆ ನನ್ನ ಪಕ್ಕ ನಿಂತಿದ್ದರು,
ಕೈತುಂಬ ಬಣ್ಣದ ಕಾಗದದ ಪಟ್ಟಿಗಳು,
ಒಂದೊಂದರ ಆಚೆ ತುದಿ ದಡದ ಒಂದೊಂದು ಕೈಯಲ್ಲಿ.
ಹಿಡಿಯಲಾರದೆ ಒಂದು ಹಸಿರನ್ನು ನನಗೆ ದಾಟಿಸಿದರು.
ಹಡಗು ಸರಿಯಿತು. ಪಟ್ಟಿಗಳು ಬಿಗಿದು
ಗಾಳಿಗೆ ಪಟಪಟ ಎಂದವು.
ನನ್ನ ಹಸಿರಿನ ಆಚೆ ಕೊನೆಯಲ್ಲಿ
ಮುಂದಿನ ಹಲ್ಲು ಬಿದ್ದ ಹುಡುಗನೊಬ್ಬ
ಅಳುತ್ತ ಪಟ್ಟಿಯುದ್ದಕ್ಕೂ ಕಣ್ಣು ಹಾಯಿಸಿ
ಈ ತುದಿಯಲ್ಲಿ ನನ್ನನ್ನು ಕಂಡು ಕಕ್ಕಾಬಿಕ್ಕಿಯಾಗಿ,
ಒಂದು ಕ್ಷಣ ನಿಲ್ಲಿಸಿ,
ಪರವಾಗಿಲ್ಲವೆಂದು
ನನಗೂ ಸ್ವಲ್ಪ ಅತ್ತ.