ಕೊರಳಲ್ಲಿ ಎರಡು

ವೇಲ್ಸ್, ತೈವಿ ನದಿಯ ದಂಡೆ.
ನೂರೈವತ್ತು ವರ್ಷದ ಹಿಂದಿನ ಒಂದು ಜನವರಿ.
ಮಗ್ಗದ ಮನೆಯ ಮೆರೆರಿಡ್‌ಗೆ ಗಂಟಲು ಕಟ್ಟಿದೆ.
ಅಜ್ಜಿ ಕೆಂಪು ಬಟ್ಟೆಯ ಪಟ್ಟಿ ಸುತ್ತಿ, ಹಿಂದೆ ಗಂಟು ಹಾಕಿ
ಶಾಲೆಗೆ ಕಳಿಸಿದ್ದಾಳೆ;
ಕೆಂಪಿಗೆ ಕೆಮ್ಮು ಹೆದರುತ್ತದಂತೆ.

ಏನದು ಕೊರಳಲ್ಲಿ? ಮೇಷ್ಟರು ಕೇಳಿದ್ದು ಇಂಗ್ಲಿಷಿನಲ್ಲಿ.
ಗ್ವ್ಲಾನೆನ್, ಸರ್.

ಆಯಿತು. ದಾರ ಪೋಣಿಸಿದ ಮರದ ತುಂಡು,
ಮನೆಮಾತು ಆಡಿದವರಿಗೆ ಬೀಳುವ ತುಂಡು,
ಬೆಳಿಗ್ಗೆಯಿಂದ ಇದ್ವಲನ ಎದೆಯ ಮೇಲಿದ್ದದ್ದು
ಕಳಚಿ ಇವಳಿಗೆ ಬಂತು.
ಅವನು ಮೂಗೊರೆಸಿಕೊಂಡು ಕಿಟಕಿ ನೋಡಿದ.
ಸಂಜೆಯ ಗಂಟೆಗೆ ಅದು ಯಾರಲ್ಲಿದೆಯೋ ಅವರಿಗೆ ಬೆತ್ತ.

ಫ್ಲಾನೆಲ್ ಅನ್ನು.
ಅಂದಳು. ಫ್ಲಾ. ನೆಲ್.
ನಾಲಗೆಗೆ ಬೇರೆಯವರ ಬೂಟು ತೊಡಿಸಿದ ಹಾಗೆ.

ಮೇಷ್ಟರಿಗೆ ಗೊತ್ತಿರಲಿಲ್ಲ, ಇಲ್ಲವೆ ಮರೆತಿದ್ದರು;
ಅವರ ತಾಯಿ ಜೋಗುಳ ಹಾಡಿದ್ದೂ ಇದೇ ಮಾತಿನಲ್ಲಿ.
ಗ್ವ್ಲಾನ್ ಎಂದರೆ ಉಣ್ಣೆ
(ನಮ್ಮ ಉಣ್ಣೆಯ ತಾಯಿ ಊರ್ಣೆಗೆ
ದೂರದ ತಂಗಿಯಂತೆ, ಅದು ಇನ್ನೊಂದು ದಿನದ ಮಾತು).
ಇಡೀ ಹಿಂಡಿನ ಉಣ್ಣೆ ಅದು;
ಬಾಲಕ್ಕೊಂದು ಎನ್ ಹತ್ತಿದರೆ
ಅದರಲ್ಲೊಂದು ತುಂಡು, ಒಬ್ಬಳ ಕೊರಳಿಗಾಗುವಷ್ಟು.
ಆ ತುಂಡೇ ಸಂತೆಯ ಗಾಡಿ ಹತ್ತಿ ಗಡಿ ದಾಟಿತು
ಎಂದು ಬಲ್ಲವರ ಊಹೆ. ಪದದ ತವರು ಕೇಳಿದರೆ
ಯಾರೂ ಆಣೆ ಇಡುವುದಿಲ್ಲ.
ಅತ್ತಲ ಬಾಯಿಗಳಿಗೆ ಗ್ವ್ಲ ಹೊರಳಲಿಲ್ಲ.
ಫ ಎಂದು ಊದಿ, ತಮ್ಮದೆಂದು ಮಡಿಸಿಟ್ಟುಕೊಂಡರು.

ಮೇಷ್ಟರ ಅಂಗಿಯೊಳಗೂ ಇತ್ತು ಅದು, ಎದೆಗೆ ಒತ್ತಿ,
ಇದೇ ಹೊಳೆ ತಿರುಗಿಸುವ ಮಿಲ್ಲಿನದು,
ಮೆರೆರಿಡ್‌ಳ ಅಪ್ಪ ನೇಯ್ದದ್ದೂ ಇರಬಹುದು.

ಸಂಜೆ ಅಂಗೈ ಬಾತಿತ್ತು.
ಅಜ್ಜಿ ಏನೂ ಕೇಳಲಿಲ್ಲ. ಪಟ್ಟಿ ಬಿಚ್ಚಿ,
ಬಿಸಿನೀರಿಗೆ ಅದ್ದಿ, ಹಿಂಡಿ, ಕೈಗೆ ಸುತ್ತುತ್ತ
ಬಿಡಬೇಡ, ಹಿಡಿದುಕೋ ಅ ವ್ಲಾನೆನ್, ಅಂದಳು.

ಅವರ ಭಾಷೆಯಲ್ಲಿ ಹಾಗೆ:
ಬರಿ ತುಂಡಲ್ಲ, ‘ಆ’ ತುಂಡು ಎಂದು ಬೊಟ್ಟು ಮಾಡಿದರೆ
ಮುಂದಿನ ಗಡಸು ಗ ತಾನೇ ಕರಗುತ್ತದೆ.
ವ್ಯಾಕರಣದವರು ಅದಕ್ಕಿಟ್ಟ ಹೆಸರು
ಮೆದುವಾಗುವುದು.

ಮೆರೆರಿಡ್‌ಗೆ ವ್ಯಾಕರಣ ತಿಳಿಯದು.
ಒದ್ದೆ ಬಿಸಿಯೊಳಗೆ ಬೆರಳು ಮಡಿಸುತ್ತ
ನಾಳೆ ಮರದ ತುಂಡನ್ನು ಯಾರಿಗೆ ದಾಟಿಸಬಹುದು,
ಯಾರ ಬಾಯಿ ಬೇಗ ತಪ್ಪೀತು ಎಂದು
ಒಂದೊಂದೇ ಹೆಸರು ಎಣಿಸುತ್ತಿದ್ದಳು,
ಮನೆಮಾತಿನಲ್ಲೇ.