ಮಡಗಿದ ಜಾಗ

ಪಾಂಡವಪುರದ ನನ್ನ ಔಷಧದಂಗಡಿಗೆ ಬಂದು
ಜವರಾಯಮ್ಮ ಸೀಸೆ ಕುಕ್ಕಿದಳು:
"ಆರು ದಿನ ಕುಡಿಸ್ದೆ ಕನವ್ವ,
ಮಗೀಗೆ ಕಿವಿ ಸೋರೋದು ನಿಂತಿಲ್ಲ."

ಬೆಳಕಿಗೆ ಹಿಡಿದೆ. ಬೆಳ್ಳಗಿದ್ದದ್ದು
ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿತ್ತು.
"ಎಲ್ಲಿ ಮಡಗಿದ್ದೆ?"
"ಆಲೆಮನೆ ಗೂಡಲ್ಲಿ. ಅಲ್ಲೇ ಅಲ್ವಾ ನಮ್ ಬಿಡಾರ."

ಹಗಲೂ ಇರುಳೂ ಉರಿಯುವ ಒಲೆ, ಕೊಪ್ಪರಿಗೆಯ ಹಬೆ.
ಕಬ್ಬಿನ ಹಾಲು ಪಾಕಕ್ಕೆ ಬರುವ ಕಡೆ
ಮದ್ದು ಮದ್ದಾಗಿ ಉಳಿಯುವುದಿಲ್ಲ.

ಹೇಗೆ ಹೇಳಲಿ ಅವಳಿಗೆ:
ಲೇಬಲ್ಲಿನ ಸಣ್ಣಕ್ಷರದಲ್ಲಿ ಸಕ್ಕರೆ, ಅಂಟು, ಕಿತ್ತಳೆ ವಾಸನೆ,
ರೋಗದ ತಂಟೆಗೆ ಹೋಗದವು;
ಹಾಗಂತ ತೆಪ್ಪಗೆ ಕೂರುವವಲ್ಲ.
ಒಣಗಿರುವಷ್ಟು ದಿನ ಕಾಯುತ್ತವೆ.
ಪಸೆ ಹೀರಿ, ಕಾವು ತಾಗಿದರೆ
ಕೆಲವು, ಪಕ್ಕದಲ್ಲಿದ್ದದ್ದನ್ನೇ ಕೆಡಿಸುತ್ತವೆ.

"ಮಳೆಗಾಲದ ಬೆಲ್ಲ ನೀರೊಡ್ದಂಗಾ?" ಅಂದಳು.
ನನ್ನ ಎರಡು ವರ್ಷದ ಡಿಪ್ಲೊಮಾ ಅಷ್ಟರಲ್ಲಿ ಮುಗಿಯಿತು.

ಡಾಕ್ಟರು ಮತ್ತೆ ಕಿವಿ ನೋಡಿ ಬರೆದ ಹೊಸ ಸೀಸೆ
ಈಗ ನನ್ನ ಫ್ರಿಜ್ಜಿನಲ್ಲಿದೆ, ಇನ್ಸುಲಿನ್ ಪಕ್ಕ.
ಪೆನ್ನಿನಲ್ಲಿ ಬರೆದಿದ್ದೇನೆ: ಚೆಲುವಿ.
ಬೆಳಿಗ್ಗೆ, ಸಂಜೆ ಅವ್ವನ ಸೊಂಟವೇರಿ ಬಂದು
ಬಾಯಿ ತೆರೆಯುತ್ತಾಳೆ.
ಕರೆಂಟು ಹೋದ ರಾತ್ರಿ ನನಗೆ ನಿದ್ದೆಯಿಲ್ಲ.

ಏಳನೇ ದಿನ ಎರಡಚ್ಚು ಬೆಲ್ಲ ಕೊಟ್ಟು
ನನಗೇ ಹೇಳಿದಳು ಜವರಾಯಮ್ಮ:
"ಪಸೆ ಇಲ್ದಿರೋ ಕಡೆ ಮಡಗವ್ವ."