ಎಲೆತುಕ್ಕು

ಪ್ರಬೋಧನೆಯಲ್ಲಿ ಫಾದರ್ ನುಸಿ, ತುಕ್ಕು ಅಂದರೆ
ಆಲ್ದೂರಿನ ನಮಗೆ ಬೇರೆ ಟೀಕೆ ಬೇಕಿಲ್ಲ.
ಎಲೆಯಡಿಯ ಕಿತ್ತಳೆ ಪುಡಿ ಬೆರಳಿಗೂ ಅಂಟುತ್ತದೆ.
ಕಾಂಡ ಕೊರೆಯುವ ಹುಳ
ಒಳ್ಳೆ ಫಸಲಿನ ವರ್ಷವೇ
ತೊಗಟೆಯಲ್ಲಿ ಮೊಟ್ಟೆ ಇಟ್ಟಿರುತ್ತದೆ.

ನಾನು ಇನ್ನಾಸಪ್ಪ, ತೋಟದ ರೈಟರು.
ಮೂವತ್ತೊಂದು ವರ್ಷ ಮೂಟೆ ಎಣಿಸಿದ್ದೇನೆ,
ಒಂದೂ ನನ್ನದಲ್ಲ.

ಲಿಗೋರಿ ಧಣಿಗಳು ಆ ಸಲ
ಹಳೇ ಗೋದಾಮು ಸಾಲದೆಂದು ಕೆಡವಿಸಿ
ದೊಡ್ಡದಕ್ಕೆ ಪಾಯ ಹಾಕಿಸಿದರು.
"ದರ ಏರಲಿ, ಆಮೇಲೆ ಮಾರೋಣ."
ಆಮೇಲೆ ಎಂಬುದನ್ನು ಮಾತ್ರ
ಪೆನ್ಸಿಲ್ಲಿನಲ್ಲಿ ಬರೆದುಕೊಂಡೆ.

ಶೀಟು ಹೊದಿಸಿದ ರಾತ್ರಿ, ಉಣ್ಣುತ್ತ ಕೂತಲ್ಲೇ.
ಡಾಕ್ಟರು ಬರುವಷ್ಟರಲ್ಲಿ
ಸಾರಿನ ಮೇಲೆ ಜಿಡ್ಡು ಹೆಪ್ಪುಗಟ್ಟಿತ್ತು.

ಅದೇ ವಾರ ಲೈನಿನ ಲೂರ್ದಮ್ಮನೂ ಹೋದಳು.
ಚೆಕ್‌ರೋಲಿನಲ್ಲಿ ಅವಳ ಬಾಕಿ ನಲವತ್ತು ರೂಪಾಯಿ.
ಕೊಡಹೋದರೆ ನಕ್ಕಿದ್ದಳು:
"ಆ ಮೂಲೆಮನೆ ಬಾಣಂತಿಗೆ ಕೊಡಿ ರೈಟರೆ,
ನನ್ನ ಲೆಕ್ಕ ಬರೆಯೋನು ಬೇರೆ ಇದ್ದಾನೆ."

ಧಣಿಗಳ ಮೇಲೆ ಕರಿ ಗ್ರಾನೈಟು,
ಅವಳ ತಲೆದೆಸೆಗೆ ಸಿಲ್ವರ್ ಓಕಿನ ಶಿಲುಬೆ.
ಎರಡು ಮಳೆಗೆ ಅದನ್ನು ಗೆದ್ದಲು ತಿಂದಿತು.
ಈಗ ಎಲ್ಲಿ ಮಲಗಿದ್ದಾಳೆಂದು
ನನಗೂ ಗುರುತಿಲ್ಲ;
ಗುರುತಿರಬೇಕಾದವನಿಗೆ ಇದ್ದೀತು.

ಗೋದಾಮಿನಲ್ಲಿ ಬಾವಲಿಗಳಿವೆ.
ಮಕ್ಕಳು ಕೋರ್ಟಿಗೆ ಹೋಗಿ ಬೀಗ ಜಡಿದಿದ್ದಾರೆ,
ಬೀಗಕ್ಕೂ ಹಿಡಿದಿದೆ, ಅದೇ ಕಿತ್ತಳೆ ಪುಡಿ.

ಇಷ್ಟು ಬರೆದು ಮುಗಿಸಬಹುದಿತ್ತು.
ಆದರೆ ಆ ನಲವತ್ತು?
ಕೊಡಬೇಕೆಂದೇ ಇದ್ದೆ. ಆಮೇಲೆ, ಅಂದುಕೊಂಡೆ.
ಬಾಣಂತಿಯ ಮಗು ಈಗ ಕೊಯ್ಲಿಗೆ ಬರುತ್ತಾಳೆ,
ಬುಟ್ಟಿ ತೂಗುವಾಗ
ನನ್ನ ಕೈಯನ್ನೇ ನೋಡುತ್ತಾಳೆ.